ಸಾಸಿಯ ಪಾಲಿನ ಮರಳು

ಬೆಳಗಿನ ಬಾಂಗ್ ಮುಗಿದಿದೆ. ಆಕಾಶಕ್ಕೆ ಇನ್ನೂ ಬಣ್ಣ ಹತ್ತಿಲ್ಲ. ಹನ್ನೊಂದು ಮೀಟರ್ ಆಳದ ಗುಳಿಯ ತಳದಲ್ಲಿ, ಖರ್ಜೂರದ ಮರವೊಂದರ ಬುಡದ ಬಳಿ, ತಿಜಾನಿ ಬೆನ್ ಅಮ್ಮಾರ್ ಕೂತು ಎರಡೂ ಕೈಗಳಿಂದ ಮರಳನ್ನು ಬುಟ್ಟಿಗೆ ಬಾಚುತ್ತಿದ್ದಾರೆ. ಪಕ್ಕದಲ್ಲೇ ಸಲಿಕೆ ಬಿದ್ದಿದೆ. ಬುಡದ ಹತ್ತಿರ ಅದನ್ನು ಅವರು ಮುಟ್ಟುವುದಿಲ್ಲ. ಸಲಿಕೆಗೆ ಬುಡದಿಂದ ಒಡೆಯುವ ಎಳೆ ಕಂದು ಕಾಣುವುದಿಲ್ಲ, ಕೈಗೆ ಕಾಣುತ್ತದೆ ಎನ್ನುತ್ತಾರೆ.

ಬುಟ್ಟಿ ತುಂಬಿದ ಮೇಲೆ ಒಂದು ಕೈಯನ್ನು ಮರಕ್ಕೆ ಕೊಟ್ಟು ಏಳುತ್ತಾರೆ. ಬುಟ್ಟಿಯನ್ನು ಭುಜಕ್ಕೇರಿಸಿ, ಬರಿಗಾಲಲ್ಲಿ, ಇಳಿಜಾರಿನ ಮೇಲೆ ಓರೆಯಾಗಿ ಹತ್ತತೊಡಗುತ್ತಾರೆ. ಒಂದು ಹೆಜ್ಜೆ ಮೇಲಿಟ್ಟರೆ ಅರ್ಧ ಹೆಜ್ಜೆ ಕೆಳಗೆ ಜಾರುತ್ತದೆ. ತೊಂಬತ್ತನಾಲ್ಕು ಹೆಜ್ಜೆಗೆ ದಕ್ಷಿಣದ ಅಂಚು. ಅಲ್ಲಿ ಮರಳು ಸುರಿದು, ಬಲಜೇಬಿನಿಂದ ಒಂದು ಖರ್ಜೂರದ ಬೀಜ ತೆಗೆದು ಎಡಜೇಬಿಗೆ ಹಾಕಿಕೊಂಡು ಮತ್ತೆ ಇಳಿಯುತ್ತಾರೆ. ಬೀಜಗಳು ಮೂವತ್ತು. ಬಲಜೇಬು ಬರಿದಾದಾಗ ಇಲ್ಲಿನ ಕೆಲಸ ಮುಗಿದಂತೆ.

ಇಲ್ಲಿನ ಕೆಲಸ ಎಂದರೆ ಪಕ್ಕದವರ ತೋಟದ ಕೆಲಸ. ಈ ಗುಳಿ ತಿಜಾನಿಯವರದಲ್ಲ. ಅವರದು ಮೂಡಣದ ಏರಿಯ ಆಚೆಗಿದೆ. ನಡುರಾತ್ರಿ ಕಳೆದೊಡನೆ ಎದ್ದು ಅಲ್ಲಿ ನಲವತ್ತು ಬುಟ್ಟಿ ಹೊತ್ತು ಮುಗಿಸಿದ ಮೇಲೆಯೇ ಇಲ್ಲಿಗೆ ಬರುತ್ತಾರೆ. ಹದಿನಾರು ವರ್ಷದಿಂದ ಹೀಗೆ ಬರುತ್ತಿದ್ದಾರೆ. ಇದಕ್ಕೆ ಯಾರೂ ಅವರನ್ನು ಕರೆದಿಲ್ಲ, ಯಾರೂ ಕೂಲಿ ಕೊಟ್ಟಿಲ್ಲ. ಸಾಕು ಎಂದು ಹೇಳಿದವರೂ ಇಲ್ಲ.

ಅಲ್ಜೀರಿಯಾದ ಸೂಫ್ ಸೀಮೆಯಲ್ಲಿ ನೀರನ್ನು ಮೇಲೆತ್ತಿ ಮರಕ್ಕೆ ಉಣಿಸುವ ಪದ್ಧತಿ ಇರಲಿಲ್ಲ. ಮರವನ್ನೇ ನೀರಿನ ಹತ್ತಿರಕ್ಕೆ ಇಳಿಸುತ್ತಿದ್ದರು. ಮರಳುದಿಬ್ಬಗಳ ನಡುವೆ ಬೋಗುಣಿಯಂತೆ ತೋಡಿ, ಬೇರು ನೆಲದಡಿಯ ತೇವ ಮುಟ್ಟುವ ಹಾಗೆ ಖರ್ಜೂರ ನೆಟ್ಟರೆ ಅದೇ ಗೂತ್. ಒಮ್ಮೆ ತೋಡಿದರೆ ಸಾಲದು. ರಾತ್ರಿ ಗಾಳಿ ತಂದು ಸುರಿದದ್ದನ್ನು ಬೆಳಿಗ್ಗೆ ಹೊತ್ತು ಹೊರಗೆ ಹಾಕಬೇಕು. ಹಾಗೆ ಹೊರುವವನಿಗೆ ರಮ್ಮಾಲ್ ಎನ್ನುತ್ತಾರೆ. ತಿಜಾನಿಯವರ ತಂದೆಯ ಕಾಲದಲ್ಲಿ ಬೀರ್ ಹಲೀಮಾ ಎಂಬ ಈ ಸಣ್ಣ ಊರಿನಲ್ಲಿ ಅರವತ್ತನಾಲ್ಕು ಗೂತ್‌ಗಳಿದ್ದವು, ನಲವತ್ತಕ್ಕೆ ಕಡಿಮೆಯಿಲ್ಲದಷ್ಟು ರಮ್ಮಾಲರಿದ್ದರು. ಬೆಳಗಿನ ಜಾವ ಒಂದು ಗುಳಿಯಿಂದ ಎದ್ದ ಹಾಡಿಗೆ ಇನ್ನೊಂದು ಗುಳಿಯಿಂದ ಉತ್ತರ ಬರುತ್ತಿತ್ತು. ಈಗ ಉಳಿದಿರುವ ತೋಟಗಳು ಒಂಬತ್ತು. ರಮ್ಮಾಲ್ ಒಬ್ಬರೇ.

"ಹಾಡ್ತೀರಾ ಅಂತ ಕೇಳ್ತಾರೆ," ಎನ್ನುತ್ತಾರೆ ತಿಜಾನಿ. "ಅರ್ಧ ಹಾಡು ನನ್ಗೆ ಗೊತ್ತು. ಇನ್ನರ್ಧ ಆ ಕಡೆಯಿಂದ ಬರ್ಬೇಕಲ್ಲ."

ಆ ಕಡೆ ಎಂದರೆ ಸಾಸಿ. ಈ ಗುಳಿಯ ಒಡೆಯ. ತಿಜಾನಿಗಿಂತ ಎರಡು ವರ್ಷ ದೊಡ್ಡವರು. ಇಬ್ಬರೂ ಏಳೆಂಟು ವಯಸ್ಸಿನಿಂದ ಒಂದೇ ಏರಿಯ ಎರಡು ಮಗ್ಗುಲಲ್ಲಿ ಮರಳು ಹೊತ್ತವರು. ಸಾಸಿಯವರ ತೋಟದಲ್ಲಿ ಮೂವತ್ತೆಂಟು ಮರಗಳಿದ್ದವು. ಈಗ ನಿಂತಿರುವವು ಹನ್ನೊಂದು, ಅದರಲ್ಲಿ ಹಣ್ಣು ಬಿಡುವುದು ಏಳು. ಮೂಡಣ ಮಗ್ಗುಲಲ್ಲಿ ಮರಳಿನೊಳಗಿಂದ ಒಣಗಿದ ತುದಿಗಳು ಅಲ್ಲೊಂದು ಇಲ್ಲೊಂದು ಹೊರಗೆ ಕಾಣುತ್ತವೆ. ಸತ್ತ ಮರದ ತುದಿಯ ಮೇಲೆ ನಡೆದು ಹೋಗುವಾಗ ತಿಜಾನಿ ಕಾಲನ್ನು ಸ್ವಲ್ಪ ಪಕ್ಕಕ್ಕೆ ಇಡುತ್ತಾರೆ.

ಕತೆ ಇರುವುದು ಏರಿಯ ಮೇಲೆ. ಎರಡು ಗೂತ್‌ಗಳ ನಡುವಿನ ಏರಿಯ ನೆತ್ತಿಯಲ್ಲಿ ಖರ್ಜೂರದ ಒಣ ಗರಿಗಳನ್ನು ಸಾಲಾಗಿ ಊರಿ ಬೇಲಿ ಕಟ್ಟುತ್ತಾರೆ. ಬೇಲಿ ಎಷ್ಟೆತ್ತರ ಇರಬೇಕು ಎಂಬುದು ಒಬ್ಬನ ಇಷ್ಟಕ್ಕೆ ಬಿಟ್ಟ ಮಾತಲ್ಲ. ತಗ್ಗಾದರೆ ಪಡುಗಾಳಿ ತಂದ ಮರಳು ಎರಡೂ ತೋಟಕ್ಕೆ ಹಂಚಿ ಬೀಳುತ್ತದೆ. ಎತ್ತರವಾದರೆ ಮರಳೆಲ್ಲ ಬೇಲಿಗೆ ಬಡಿದು ಪಡುವಣದ ತೋಟಕ್ಕೇ ಜಾರುತ್ತದೆ. ಅದಕ್ಕೇ ಹಿರಿಯರು ಒಂದು ಕಟ್ಟು ಮಾಡಿದ್ದರು. ಒಬ್ಬ ಗರಿ ಊರಬೇಕು, ಆಚೆ ತೋಟದವನು ಬಂದು ಅದರ ಬುಡ ತುಳಿದು ಗಟ್ಟಿ ಮಾಡಬೇಕು. ಇಬ್ಬರ ಕಾಲೂ ಕೈಯೂ ಬೀಳದ ಬೇಲಿಗೆ ಬೆಲೆಯಿಲ್ಲ.

ಹತ್ತೊಂಬತ್ತು ವರ್ಷದ ಹಿಂದಿನ ವಸಂತದಲ್ಲಿ ಸಾಸಿ ತಂಗಿಯ ಮದುವೆಗೆಂದು ಗಡಿಯಾಚೆ ನೆಫ್ತಾಕ್ಕೆ ಹೋಗಿದ್ದರು. ಮೂರನೇ ದಿನ ಪಡುವಣದ ಆಕಾಶ ಮರಳುಗಾಳಿಯ ಸೂಚನೆಯಾಗಿ ಕೆಂಪೇರಿತು. ತಿಜಾನಿಯವರ ತೋಟದಲ್ಲಿ ಆ ವರ್ಷ ಹದಿನೈದು ಹೊಸ ಸಸಿಗಳಿದ್ದವು, ಮೊಣಕಾಲೆತ್ತರದವು. ಒಂದೇ ಹಗಲಲ್ಲಿ ಅವರು ಹಳೆಯ ಬೇಲಿಯ ಮೇಲೆ ಎರಡನೇ ಸಾಲು ಏರಿಸಿದರು. ತಾವೇ ಊರಿದರು, ತಾವೇ ತುಳಿದರು.

"ಎರಡು ದಿನ ಕಾಯ್ಬಹುದಿತ್ತು," ಎನ್ನುತ್ತಾರೆ. "ಕಾದಿದ್ರೆ ಐದಾರು ಸಸಿ ಹೋಗ್ತಿತ್ತು, ಅಷ್ಟೇ. ಆವತ್ತು ನನ್ಗೆ ಹದಿನೈದೂ ಬೇಕಿತ್ತು."

ಹದಿನೈದೂ ಉಳಿದವು. ಮದುವೆ ಮುಗಿಸಿ ಬಂದ ಸಾಸಿ ಏರಿ ಹತ್ತಿ, ಬೇಲಿಯ ಉದ್ದಕ್ಕೂ ನಡೆದು, ಬುಡದ ಹೆಜ್ಜೆಗಳನ್ನು ನೋಡಿದರು. ಎಲ್ಲ ಹೆಜ್ಜೆಗಳೂ ಒಬ್ಬನವೇ. ತಿಜಾನಿ ಕೆಳಗೆ ನಿಂತಿದ್ದರು. ಬೈಗುಳಕ್ಕೆ ಸಿದ್ಧವಾಗಿ ನಿಂತಿದ್ದರು. ಸಾಸಿ ಒಂದೇ ಮಾತು ಹೇಳಿದರು:

"ಗಟ್ಟಿಯಾಗೇ ತುಳ್ದಿದೀಯ."

ಅದಾದ ಮೇಲೆ ಆ ವಿಷಯ ಇಬ್ಬರ ನಡುವೆ ಬರಲೇ ಇಲ್ಲ. ಬೇಲಿ ತಗ್ಗಿಸು ಎಂದು ಸಾಸಿ ಕೇಳಲಿಲ್ಲ. ಕೇಳಲಿ ಎಂದು ತಿಜಾನಿ ಕಾದರು. ಅವರು ಬಾಯಿಬಿಟ್ಟು ಕೇಳಿದ್ದರೆ ಅದೇ ದಿನ ಕಿತ್ತುಬಿಡುತ್ತಿದ್ದೆ ಎನ್ನುತ್ತಾರೆ. ಹಾಗೆಂದವರೇ, ಕಿತ್ತುಬಿಡುತ್ತಿದ್ದೆನೋ ಇಲ್ಲವೋ ದೇವರಿಗೇ ಗೊತ್ತು ಎಂದು ತಿದ್ದಿಕೊಳ್ಳುತ್ತಾರೆ. ಇಬ್ಬರೂ ಬೆಳಿಗ್ಗೆ ಎದ್ದು ಒಂದೇ ಏರಿಯ ಎರಡು ಮಗ್ಗುಲಲ್ಲಿ ಮರಳು ಹೊರುತ್ತಿದ್ದರು. ಒಬ್ಬರ ಬುಟ್ಟಿ ಕಡಿಮೆಯಾಗುತ್ತ ಬಂತು, ಇನ್ನೊಬ್ಬರದು ಹೆಚ್ಚಾಗುತ್ತ ಹೋಯಿತು. ಹಾಡು ಯಾವ ದಿನ ನಿಂತಿತು ಎಂಬುದು ತಿಜಾನಿಗೆ ನೆನಪಿಲ್ಲ. ನಿಂತಿದೆ ಎಂದು ಗೊತ್ತಾಗುವ ಹೊತ್ತಿಗೆ ಬಹಳ ದಿನವಾಗಿತ್ತು.

ಮೂರು ವಸಂತ ಕಳೆಯುವಷ್ಟರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮರಗಳು ಕುತ್ತಿಗೆವರೆಗೆ ಹೂತವು. ಸಾಸಿ ಹೆಂಡತಿ ಮಬ್ರೂಕಾರನ್ನು ಕರೆದುಕೊಂಡು ಪಟ್ಟಣ ಸೇರಿ, ಸಂತೆಯಲ್ಲಿ ಗೋಣಿಚೀಲ ಹೊರುವ ಕೆಲಸ ಹಿಡಿದರು. ಐದು ವರ್ಷಕ್ಕೆ ಅಲ್ಲೇ ತೀರಿಕೊಂಡರು. ಅವರು ಊರು ಬಿಟ್ಟ ಮಾರನೆಯ ದಿನವೇ ತಿಜಾನಿ ಬುಟ್ಟಿ ಹಿಡಿದು ಏರಿ ದಾಟಿದ್ದರು.

ಬೇಲಿ ಕಿತ್ತಿದ್ದರೆ ಮುಗಿಯುತ್ತಿರಲಿಲ್ಲವೇ ಎಂಬ ಪ್ರಶ್ನೆಯನ್ನು ಕೇಳದವರಿಲ್ಲ. ಅವರ ಉತ್ತರ ಬದಲಾಗುವುದಿಲ್ಲ. "ಒಬ್ನೇ ಊರಿದ್ದು ಒಂದು ತಪ್ಪು. ಒಬ್ನೇ ಕಿತ್ರೆ ಎರಡಾಗುತ್ತೆ. ತಗ್ಗು ಬೇಲಿಯಾದ್ರೂ ಅದರ ಬುಡ ಆ ಮನೆಯೋರೇ ತುಳೀಬೇಕು."

ಊರಿನವರಿಗೆ ಇದು ಪೂರ್ತಿ ಅರ್ಥವಾಗಿಲ್ಲ. ಹೂತುಹೋದ ತೋಟವನ್ನು ಯಾರು ತೋಡಿ ಜೀವ ಕೊಡುತ್ತಾನೋ ಅದು ಅವನಿಗೇ ಸೇರುತ್ತದೆ ಎಂಬ ಹಳೆಯ ಮಾತು ಈ ಸೀಮೆಯಲ್ಲಿದೆ. ತಿಜಾನಿ ಊರು ಬಿಟ್ಟವನ ತೋಟಕ್ಕೆ ಕಣ್ಣು ಹಾಕಿದ್ದಾನೆ ಎಂದು ಮೊದಲ ವರ್ಷಗಳಲ್ಲಿ ಕಾಫಿ ಅಂಗಡಿಯಲ್ಲಿ ಆಡಿಕೊಂಡರು. ತಿಜಾನಿ ವಾದಕ್ಕೆ ಹೋಗಲಿಲ್ಲ. ಸಾಸಿಯ ಮರದ ಒಂದು ಹಣ್ಣನ್ನೂ ಅವರು ಈ ಹದಿನಾರು ವರ್ಷದಲ್ಲಿ ಬಾಯಿಗೆ ಹಾಕಿಲ್ಲ. ಪ್ರತಿ ಶರತ್ಕಾಲ ಏಳು ಮರದ ಗೊನೆ ಇಳಿಸಿ, ದೊಡ್ಡ ಬುಟ್ಟಿಗಳಲ್ಲಿ ತುಂಬಿಸಿ, ಊರಿನ ವ್ಯಾನ್ ಚಾಲಕ ಹಮ್ಮಾನ ಗಾಡಿಯಲ್ಲಿ ಪಟ್ಟಣಕ್ಕೆ ಒಯ್ದು ಮಬ್ರೂಕಾರ ಬಾಗಿಲಲ್ಲಿ ಇಡುತ್ತಾರೆ. ಆಕೆ ಬುಟ್ಟಿ ಬರಿದು ಮಾಡಿ ಹೊರಗಿಟ್ಟು ಬಾಗಿಲು ಹಾಕಿಕೊಳ್ಳುತ್ತಾರೆ. ಸಾಸಿ ಬದುಕಿದ್ದ ಐದು ವರ್ಷವೂ ಸೇರಿ ಹದಿನಾರು ಕುಯ್ಲು ಹೀಗೆಯೇ ಕಳೆದಿದೆ.

ಎರಡು ವರ್ಷದ ಹಿಂದೆ ಮರಳು ತಡೆಯುವ ಯೋಜನೆಯವರು ತೋಟಗಳ ಪಟ್ಟಿ ಮಾಡಲು ಬಂದಿದ್ದರು. ಊರಿನ ಪಡುವಣಕ್ಕೆ ಅವರು ನೆಟ್ಟ ಗಿಡಗಳ ಪಟ್ಟೆ ಈಗ ಆಳೆತ್ತರ ಬೆಳೆದಿದೆ, ಸ್ವಲ್ಪ ಗಾಳಿಯನ್ನೂ ಮುರಿಯುತ್ತದೆ. ಈ ಗುಳಿಯ ಒಡೆಯ ಯಾರು ಎಂದು ಅವರು ಕೇಳಿದಾಗ ತಿಜಾನಿ ಸಾಸಿಯ ಹೆಸರು ಹೇಳಿದರು. ಅವರು ತೀರಿಕೊಂಡಿದ್ದಾರಲ್ಲ ಎಂದು ಪಟ್ಟಿ ಹಿಡಿದಿದ್ದ ಹುಡುಗಿ ನೆನಪಿಸಿದಳು. ಮರ ಸತ್ತಿಲ್ಲವಲ್ಲಮ್ಮ ಎಂದರು ತಿಜಾನಿ. ಆಕೆ ಸ್ವಲ್ಪ ಯೋಚಿಸಿ ಹಾಗೆಯೇ ಬರೆದುಕೊಂಡಳು.

ತಿಜಾನಿಯವರಿಗೀಗ ಅರವತ್ತಾರು. ಹೆಂಡತಿ ಹೋಗಿ ಎಂಟು ವರ್ಷವಾಯಿತು. ಮದುವೆಯಾಗಿ ತುಗ್ಗುರ್ತಿನಲ್ಲಿರುವ ಮಗಳು ಶುಕ್ರವಾರ ಫೋನ್ ಮಾಡುತ್ತಾಳೆ. ಉಳಿದ ಆರು ದಿನ ಮನೆಯಲ್ಲಿ ಮಾತು ಎಂಬುದಿಲ್ಲ. ಗುಮ್ಮಟದ ಮಾಡಿನ ಒಂದು ಕೋಣೆ, ಟೀ ಕಾಯಿಸುವ ಕೆಂಡದ ಒಲೆ, ಮೂಲೆಯಲ್ಲಿ ಹೆಣೆಯಲು ನೆನೆಹಾಕಿದ ಗರಿ. ಟೀಯನ್ನು ಮೂರು ಸುತ್ತು ಕುಡಿಯುವ ವಾಡಿಕೆ ಅವರಿಗೆ ತಪ್ಪಿಲ್ಲ. ಮೊದಲೆರಡು ಲೋಟ ಕುಡಿದು ಮೂರನೆಯದನ್ನು ಒಲೆಯ ಬದಿಗಿಟ್ಟು ಆರಲು ಬಿಡುತ್ತಾರೆ. ಯಾರಿಗೆಂದು ಕೇಳಿದರೆ ಅಭ್ಯಾಸ ಎನ್ನುತ್ತಾರೆ.

ಈ ಚಳಿಗಾಲದಲ್ಲಿ ಬಲ ಮೊಣಕಾಲು ಕೈಕೊಟ್ಟಿತು. ಎಪ್ಪತ್ತು ಬುಟ್ಟಿಯ ಮಾತು ಹಾಗಿರಲಿ, ನಲವತ್ತು ದಾಟಿದರೆ ಕಾಲು ಮುಂದಿನ ವಸಂತ ನೋಡುವುದಿಲ್ಲ ಎಂದು ಪಟ್ಟಣದ ವೈದ್ಯರು ಹೇಳಿದ್ದಾರೆ. ಲೋಡರ್ ಯಂತ್ರ ಕರೆಸು, ಒಂದು ಗಂಟೆಯ ಕೆಲಸ ಎಂಬುದು ಹಮ್ಮಾನ ಸಲಹೆ. ಲೋಡರ್ ಇಳಿದರೆ ಏರಿಯೇ ಒಡೆದು ಒಳಗೆ ಬೀಳುತ್ತದೆ. ನಲವತ್ತು ಬುಟ್ಟಿ ಒಂದು ತೋಟಕ್ಕೆ ಸಾಕು, ಎರಡಕ್ಕೆ ಸಾಲದು. ಬೇಲಿ ಹೀಗೇ ನಿಂತಿದ್ದರೆ ಸಾಸಿಯ ತೋಟದಲ್ಲಿ ಹಣ್ಣು ಬಿಡುವ ಏಳು ಮರಗಳೂ ಈ ವಸಂತದ ಗಾಳಿಗೇ ಹೋಗುತ್ತವೆ. ಬೇಲಿ ತಗ್ಗಿಸಿದರೆ ಮರಳು ಎರಡು ಪಾಲಾಗುತ್ತದೆ. ಅದಕ್ಕೆ ತುಳಿಯುವ ಕಾಲೊಂದು ಬೇಕು.

ಬುಧವಾರ ತಿಜಾನಿ ಹಮ್ಮಾನ ಕೈಯಲ್ಲಿ ಮಬ್ರೂಕಾರಿಗೆ ಹೇಳಿಕಳಿಸಿದರು. ಶನಿವಾರ ಎರಡನೇ ಸಾಲು ಕೀಳುತ್ತೇನೆ, ಹಳೆಯ ಎತ್ತರಕ್ಕೆ ಹೊಸ ಗರಿ ಊರುತ್ತೇನೆ, ನಿಮ್ಮ ಮನೆಯ ಕಡೆಯಿಂದ ಯಾರಾದರೂ ಬಂದು ತುಳಿಯಬೇಕು. ಹದಿನಾರು ವರ್ಷದಲ್ಲಿ ಆ ಮನೆಗೆ ಅವರು ಕಳಿಸಿದ ಮೊದಲ ಮಾತು ಇದು. ಇದನ್ನು ಹಮ್ಮಾನಿಗೆ ಒಪ್ಪಿಸುವ ಮುಂಚೆ ಒಬ್ಬರೇ ಕೂತು ನಾಲ್ಕೈದು ಸಲ ಹೇಳಿ ನೋಡಿಕೊಂಡಿದ್ದರಂತೆ.

ಮಬ್ರೂಕಾರ ಮನೆ ಪಟ್ಟಣದ ಸಂತೆಯ ಹಿಂದಿನ ಓಣಿಯಲ್ಲಿದೆ. ಗುರುವಾರ ಮಧ್ಯಾಹ್ನ ಆಕೆ ಈರುಳ್ಳಿ, ಟೊಮೆಟೊ, ಮೆಣಸಿನಕಾಯಿ ತುಂಬಿದ ಮತಾಬ್ಗಾ ರೊಟ್ಟಿ ಬೇಯಿಸುತ್ತಿದ್ದಾರೆ. ಸಂತೆಗೆ ಬಂದವರು ಬಾಗಿಲಲ್ಲೇ ನಿಂತು ಕೊಂಡುಹೋಗುತ್ತಾರೆ. ತಿಜಾನಿಯ ಹೆಸರು ಎತ್ತಿದಾಗ ಕೈ ನಿಲ್ಲುವುದಿಲ್ಲ.

ಖರ್ಜೂರವನ್ನು ಏನು ಮಾಡುತ್ತೀರಿ ಎಂಬುದಕ್ಕೆ ಆಕೆಯ ಉತ್ತರ ನೇರವಾಗಿದೆ. "ತಿಂತೀನಿ. ನನ್ ಮರದ ಹಣ್ಣು ನಾನು ತಿನ್ನದೆ ಇನ್ಯಾರು ತಿಂತಾರೆ? ಒಳ್ಳೇದಾಗೇ ತರ್ತಾನೆ, ಒಂದು ಹುಳುಕು ಇರಲ್ಲ. ಹುಳುಕಿದ್ದಿದ್ರೆ ಬಯ್ಯೋಕಾದ್ರೂ ಆಗ್ತಿತ್ತು."

ಶನಿವಾರ ಹೋಗುತ್ತೀರಾ ಎಂದಾಗ ಆಕೆ ರೊಟ್ಟಿ ಮಗುಚುತ್ತಾರೆ.

"ಹೋಗಲ್ಲ. ನಾನು ಹೋಗಿ ಆ ಏರಿ ಮೇಲೆ ನಿಂತ್ರೆ ಅವನ ಮನಸ್ಸು ಹಗುರಾಗುತ್ತೆ. ಹಗುರಾದೋನು ಮರಳು ಹೊರ್ತಾನಾ?" ಎಂದು ನಗುತ್ತಾರೆ. ನಗು ಬೇಗ ಮುಗಿಯುತ್ತದೆ. "ನಮ್ಮೋನೂ ಬಾಯಿಬಿಟ್ಟು ಕೇಳ್ಬಹುದಿತ್ತು. ಕೇಳು ಅಂತ ನಾನೇ ಎಷ್ಟು ಸಲ ಹೇಳ್ದೆ. ಅವನಿಗೇ ಗೊತ್ತಾಗ್ಲಿ ಅಂತಿದ್ದ. ಈ ತಿಜಾನಿ ಅವ್ನೇ ಕೇಳ್ಲಿ ಅಂತಿದ್ದ. ಮರ ಕೇಳುತ್ತಾ ಇದನ್ನೆಲ್ಲ?"

ಗಂಡ ಕೊನೆಯ ದಿನಗಳಲ್ಲಿ ಏನಾದರೂ ಹೇಳಿದ್ದರೇ? ಬೇಲಿಯ ಬಗ್ಗೆ ಏನೂ ಹೇಳಲಿಲ್ಲ ಎನ್ನುತ್ತಾರೆ ಮಬ್ರೂಕಾ. ಬೆಳಗಿನ ಜಾವ ಎಚ್ಚರವಾದಾಗ ಮಾತ್ರ ಕಿವಿಗೊಟ್ಟು ಮಲಗಿರುತ್ತಿದ್ದರು. ಪಟ್ಟಣದಲ್ಲಿ ಆ ಹೊತ್ತಿಗೆ ಕೇಳುವುದು ವಾಹನಗಳ ಸದ್ದು ಮಾತ್ರ.

ಶನಿವಾರ ಬೆಳಿಗ್ಗೆ ಗಾಳಿಯಿಲ್ಲ. ಏರಿಯ ನೆತ್ತಿಯಲ್ಲಿ ತಿಜಾನಿ ಹೊಸ ಗರಿಗಳ ಹೊರೆಯ ಪಕ್ಕ ಕೂತಿದ್ದಾರೆ. ಶುಭ್ರವಾದ ಬಿಳಿ ರುಮಾಲು ಸುತ್ತಿದ್ದಾರೆ, ಗಡ್ಡ ಕತ್ತರಿಸಿಕೊಂಡಿದ್ದಾರೆ. ಪಟ್ಟಣದ ದಾರಿಯಲ್ಲಿ ಹಮ್ಮಾನ ವ್ಯಾನು ಕಾಣಿಸಿದಾಗ ಎದ್ದು ನಿಲ್ಲುತ್ತಾರೆ. ವ್ಯಾನಿನಿಂದ ಹಮ್ಮಾ ಒಬ್ಬನೇ ಇಳಿಯುತ್ತಾನೆ. ಕೈಯಲ್ಲಿ ಬಟ್ಟೆಯ ಗಂಟು.

"ತಗೋ ಕಾಕಾ," ಎನ್ನುತ್ತಾನೆ ಏದುಸಿರು ಬಿಡುತ್ತ ಹತ್ತಿ ಬಂದ ಹಮ್ಮಾ. "ಹದಿನಾರು ವರ್ಷ ಹಣ್ಣು ಹೊತ್ತಿದ್ದಕ್ಕೆ ಮೆಟ್ಟು ಕಳ್ಸಿದಾಳೆ. ಹಾಕ್ಕೊಳ್ಳೋಕೋ ಹೊಡ್ಸ್ಕೊಳ್ಳೋಕೋ ನೀನೇ ನೋಡ್ಕೋ."

ಗಂಟಿನಲ್ಲಿರುವುದು ಒಂಟೆಯ, ಮೇಕೆಯ ಕೂದಲಿನಿಂದ ನೇಯ್ದ ಹಳೆಯ ಮೆಟ್ಟು. ಬೇಸಿಗೆಯ ಮರಳು ಕಾಲು ಸುಡದಿರಲೆಂದು ಹಿಂದೆ ಎಲ್ಲರೂ ಹಾಕುತ್ತಿದ್ದಂಥದು. ಹಿಮ್ಮಡಿ ಸವೆದಿದೆ. ಎಡಗಾಲಿನದಕ್ಕೆ ಹೆಬ್ಬೆರಳ ಬಳಿ ಕಪ್ಪು ದಾರದ ಹೊಲಿಗೆ ಇದೆ. ಆ ಹೊಲಿಗೆಯನ್ನು ತಿಜಾನಿ ಬೆರಳಿನಿಂದ ಸವರುತ್ತಾರೆ. ನಾನೇ ಹಾಕಿದ್ದು, ಬಹಳ ಹಿಂದೆ, ಸಾಸಿಗೆ ಸೂಜಿ ಹಿಡಿಯಲು ಬರುತ್ತಿರಲಿಲ್ಲ ಎಂದು ಮೆಲ್ಲಗೆ ಹೇಳುತ್ತಾರೆ. ಆಕೆ ಇನ್ನೇನಾದರೂ ಹೇಳಿದಳೇ ಎಂದು ಕೇಳುತ್ತಾರೆ. ಏನೂ ಹೇಳಲಿಲ್ಲ, ಗಂಟು ಕೊಟ್ಟು ಬಾಗಿಲು ಹಾಕಿಕೊಂಡಳು ಎನ್ನುತ್ತಾನೆ ಹಮ್ಮಾ. ಈ ಸಲ ಅವನ ಮಾತಿನಲ್ಲಿ ತಮಾಷೆಯಿಲ್ಲ.

ಕೆಲಸ ಶುರುವಾಗುತ್ತದೆ. ಎರಡನೇ ಸಾಲಿನ ಗರಿಗಳು ಹತ್ತೊಂಬತ್ತು ವರ್ಷದ ಬಿಸಿಲಿಗೆ ಬೂದಿಬಣ್ಣಕ್ಕೆ ತಿರುಗಿವೆ. ನಡುನಡುವೆ ಅವರೇ ಹೊಸದು ಸೇರಿಸಿದ್ದಾರೆ. ಕೆಲವು ಸುಲಭವಾಗಿ ಬರುತ್ತವೆ. ಕೆಲವು ಬರುವುದಿಲ್ಲ. ಗಟ್ಟಿಯಾಗಿ ತುಳಿದಿದ್ದರಲ್ಲ. ಹಮ್ಮಾ ಕೈ ಹಾಕಲು ಬಂದರೆ ಬೇಡವೆಂದು ದೂರ ಕೂರಿಸುತ್ತಾರೆ. ಕಿತ್ತು ಮುಗಿಸಿ, ತಗ್ಗು ಸಾಲಿನ ಹರಕುಗಳಲ್ಲಿ ಹೊಸ ಗರಿ ಊರುತ್ತಾರೆ. ಒಂದೊಂದು ಗರಿ ಊರಿದ ಮೇಲೂ ಅದರ ಮುಂದೆ ಮೊಣಕಾಲೂರಿ ಕೂರುತ್ತಾರೆ. ವೈದ್ಯರು ಬೇಡವೆಂದ ಅದೇ ಮೊಣಕಾಲು. ಸಾಸಿಯ ಮೆಟ್ಟಿನೊಳಗೆ ಎರಡೂ ಕೈ ತೂರಿಸಿ, ಬುಡದ ಮರಳನ್ನು ಅದುಮುತ್ತಾರೆ. ಎಡ, ಬಲ, ಎಡ, ಬಲ. ಪಡುವಣ ಮಗ್ಗುಲಿನಿಂದಲೇ ಅದುಮುತ್ತಾರೆ, ಸಾಸಿ ನಿಲ್ಲುತ್ತಿದ್ದ ಕಡೆಯಿಂದ. ಅರವತ್ತೆರಡು ಗರಿಗಳು. ಮುಗಿಯುವಾಗ ಹೊತ್ತು ನೆತ್ತಿಗೆ ಬಂದಿದೆ. ಬೇಲಿಯ ಒಂದು ಮಗ್ಗುಲಲ್ಲಿ ಬರಿಗಾಲಿನ ಗುರುತು, ಇನ್ನೊಂದು ಮಗ್ಗುಲಲ್ಲಿ ಮೆಟ್ಟಿನ ಗುರುತು.

ಗಾಳಿ ಬಂದದ್ದು ಮಂಗಳವಾರ. ಎರಡು ಹಗಲು ಒಂದು ರಾತ್ರಿ ಬೀಸಿತು. ಬೀರ್ ಹಲೀಮಾದಲ್ಲಿ ಮಧ್ಯಾಹ್ನಕ್ಕೇ ದೀಪ ಹಚ್ಚಿದರು. ಗುರುವಾರ ಬೆಳಿಗ್ಗೆ ತಿಜಾನಿ ಮೊದಲು ಇಳಿದು ನೋಡಿದ್ದು ಸಾಸಿಯ ಗುಳಿಯನ್ನು. ಮೀನಖಂಡದವರೆಗೆ ಮರಳು, ಹಣ್ಣಿನ ಏಳು ಮರವೂ ನಿಂತಿವೆ. ಆಮೇಲೆ ತಮ್ಮದನ್ನು ನೋಡಿದರು. ಅಲ್ಲೂ ಮೀನಖಂಡದವರೆಗೆ ಮರಳು. ಹೋದ ವರ್ಷ ನೆಟ್ಟ ನಾಲ್ಕು ಸಸಿಗಳಲ್ಲಿ ಎರಡು ಕಾಣಿಸುತ್ತಿಲ್ಲ.

ಈಗ ದಿನಕ್ಕೆ ನಲವತ್ತು ಬುಟ್ಟಿ. ಇಪ್ಪತ್ತು ಅಲ್ಲಿ, ಇಪ್ಪತ್ತು ಇಲ್ಲಿ. ಇಷ್ಟು ಸಾಕಾಗುತ್ತದೆಯೋ ಇಲ್ಲವೋ ಅವರಿಗೂ ತಿಳಿಯದು. ಎರಡೂ ಕಡೆ ಒಂದೊಂದು ಮರ ಹೋಗಬಹುದು ಎನ್ನುತ್ತಾರೆ. "ಹೋದ್ರೆ ಇಬ್ಬರದ್ದೂ ಹೋಗ್ಲಿ. ಒಬ್ಬಂದೇ ಹೋಗೋದು ಬೇಡ." ಆಸೆ ಏನಾದರೂ ಉಳಿದಿದೆಯೇ ಎಂದರೆ, ಶರತ್ಕಾಲಕ್ಕೆ ಹಣ್ಣು ಒಯ್ದಾಗ ಮಬ್ರೂಕಾ ಬುಟ್ಟಿ ವಾಪಸ್ಸು ಇಡುವ ಮುಂಚೆ ಅದರಲ್ಲಿ ಒಂದೇ ಒಂದು ಹಣ್ಣು ಮರೆತುಬಿಟ್ಟರೆ ಸಾಕು ಎನ್ನುತ್ತಾರೆ. ಸಾಸಿಯ ಮರದ ಹಣ್ಣಿನ ರುಚಿ ಅವರಿಗೆ ಮರೆತೇಹೋಗಿದೆಯಂತೆ.

ಮೆಟ್ಟುಗಳು ಏರಿಯ ನೆತ್ತಿಯಲ್ಲೇ ಇವೆ, ಬೇಲಿಯ ಪಡುವಣ ಮಗ್ಗುಲಲ್ಲಿ, ತೋಟದ ಕಡೆ ಮುಖ ಮಾಡಿ, ಜೋಡಿಯಾಗಿ. ಗಾಳಿಗೆ ತುಂಬಿಹೋಗುವುದಿಲ್ಲವೇ? ತಿಜಾನಿ ನಲವತ್ತನೆಯ ಬೀಜವನ್ನು ಎಡಜೇಬಿಗೆ ಹಾಕಿಕೊಂಡು, ಬುಟ್ಟಿ ಕೊಡವಿ, ಏರಿಯ ಕಡೆ ನೋಡುತ್ತಾರೆ.

"ತುಂಬುತ್ತೆ. ದಿನಾ ಬೆಳಿಗ್ಗೆ ತುಂಬಿರುತ್ತೆ. ಕೊಡವಿ ಇಡ್ತೀನಿ," ಎನ್ನುತ್ತಾರೆ. "ಎರಡು ಹಿಡಿ ಮರಳು. ಅದೇನು ನನ್ಗೆ ಹೆಚ್ಚಾ?"